ಉಪ್ಪು ಬೀಳದ ಮೋಟರ್‌ವೇಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವುದು ಹೇಗೆ?

ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ 12 ತಿಂಗಳು ನಮ್ಮ ಭಾರತದ ಲೈಸೆನ್ಸಿನಲ್ಲೇ ಕಾರು ಓಡಿಸಬಹುದು. ಒಳ್ಳೆಯದೇ. ಆದರೆ ಮೊದಲ ಚಳಿಗಾಲ ಬರುವ ಹೊತ್ತಿಗೆ ಮಂಜುಗಡ್ಡೆಯ ಮೇಲೆ ಓಡಿಸೋದನ್ನ ನಮಗೆ ಯಾರೂ ಕಲಿಸಿರೋದಿಲ್ಲ. ಶಿರಾಡಿ ಘಾಟಿಯಲ್ಲಿ ಜಡಿಮಳೆಗೆ ಓಡಿಸಿದವನು ನಾನು, ಇದೇನು ಮಹಾ ಅಂದುಕೊಂಡಿದ್ದೆ. ಮೊದಲ ಡಿಸೆಂಬರಿನಲ್ಲೇ ಮನೆ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ, ಅಡ್ಡ ತಿರುಗಿಕೊಂಡು ಹಾಗೇ ಜಾರಿ ಹೋಗಿ ಪಕ್ಕದ ಮನೆಯವರ ಕಸದ ಡಬ್ಬಿಗೆ ತಾಗಿ ನಿಂತಿತು. ವೇಗ ಹತ್ತು ಮೈಲಿಯೂ ಇರಲಿಲ್ಲ.

ಹಡರ್ಸ್‌ಫೀಲ್ಡ್ ಕಡೆಯಿಂದ ಮ್ಯಾಂಚೆಸ್ಟರ್ ಕಡೆಗೆ ಎಂ62 ಅನ್ನುವ ಹೆದ್ದಾರಿಯಲ್ಲಿ ದಿನಾ ಓಡಾಡುವವನು ನಾನು. ಇಂಗ್ಲೆಂಡಿನ ಅತಿ ಎತ್ತರದ ಮೋಟರ್‌ವೇ ಇದು, 22ನೇ ಜಂಕ್ಷನ್ ಹತ್ತಿರ 372 ಮೀಟರ್. ನಮ್ಮ ಮಡಿಕೇರಿಯ ಮುಂದೆ ಇದೊಂದು ದಿಬ್ಬ ಅಷ್ಟೇ. ಆದರೆ ಆ ಗಾಳಿಯೇ ಬೇರೆ. ಕೆಳಗೆ ತುಂತುರು ಮಳೆ ಇದ್ದರೆ ಮೇಲೆ ಹಿಮ ಬೀಳುತ್ತಿರುತ್ತದೆ.

ಹಿಂದಿನ ರಾತ್ರಿಯೇ: ರಸ್ತೆಗೆ ಉಪ್ಪು ಬಿದ್ದಿದೆಯಾ, ಉಳಿದಿದೆಯಾ?

ಚಳಿ ಬರುತ್ತದೆ ಅಂದಾಗ ಇಲ್ಲಿ ಗ್ರಿಟರ್ ಅನ್ನುವ ಲಾರಿಗಳು ರಸ್ತೆಗೆ ಕಲ್ಲುಪ್ಪು ಎರಚುತ್ತವೆ. ಚೆಷೈರಿನ ವಿನ್ಸ್‌ಫರ್ಡ್‌ನಂಥ ಕಡೆ ನೆಲದಡಿಯ ಗಣಿಯಿಂದ ತೆಗೆದ ಉಪ್ಪು ಅದು, ಬೆಲ್ಲದ ಪುಡಿಯ ಬಣ್ಣ. ಮಂಜುಗಡ್ಡೆ ಕಟ್ಟುವ ಮುಂಚೆ ಹಾಕುವುದಾದರೆ ಒಂದು ಚದರ ಮೀಟರಿಗೆ ಸುಮಾರು ಒಂದೆರಡು ಟೀ ಚಮಚದಷ್ಟು, ಅಷ್ಟೇ. ಉಪ್ಪುನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗೆ ಇಳಿಯಬೇಕು. ಗುಟ್ಟು ಅಷ್ಟೇ.

ಹಾಗಾದರೆ ಉಪ್ಪು ಹಾಕಿದ ಮೇಲೆ ಚಿಂತೆ ಇಲ್ಲ ಅಲ್ವಾ? ಇದೆ. ಸಂಜೆ ಉಪ್ಪು ಹಾಕಿ, ಆಮೇಲೆ ಮಳೆ ಬಂದು, ಅದಾದ ಮೇಲೆ ಮೋಡ ಚದುರಿ ಆಕಾಶ ಶುಭ್ರವಾದರೆ, ಮಳೆ ಉಪ್ಪನ್ನು ತೊಳೆದುಕೊಂಡು ಹೋಗಿರುತ್ತದೆ, ಒದ್ದೆ ರಸ್ತೆ ಹಾಗೇ ಗಟ್ಟಿಯಾಗುತ್ತದೆ. ಮೈನಸ್ ಎಂಟು ಹತ್ತು ಡಿಗ್ರಿಗೆ ಇಳಿದರೆ ಉಪ್ಪಿನ ಶಕ್ತಿಯೂ ಕುಂದುತ್ತದೆ. ಇನ್ನೊಂದು, ಉಪ್ಪು ಸುಮ್ನೆ ಬಿದ್ದಿದ್ದರೆ ಸಾಲದು, ವಾಹನಗಳ ಚಕ್ರ ಅದನ್ನು ಅರೆಯಬೇಕು. ರಾತ್ರಿ ಯಾರೂ ಓಡಾಡದ ಲೇನಿನಲ್ಲಿ ಉಪ್ಪಿದ್ದೂ ಇಲ್ಲದ ಹಾಗೆ.

ಲಾರಿಯೇ ಬರಲಾಗದ ದಿನಗಳೂ ಇವೆ. 2003ರ ಜನವರಿ ಕೊನೆಯಲ್ಲಿ ಲಂಡನ್ನಿನಿಂದ ಕೇಂಬ್ರಿಜ್ ಕಡೆ ಹೋಗುವ ಎಂ11ರಲ್ಲಿ ಸಂಜೆ ಹಿಮ ಬಿದ್ದು, ವಾಹನಗಳು ನಿಂತು, ಆ ಸಾಲಿನಲ್ಲಿ ಗ್ರಿಟರ್‌ಗಳೂ ಸಿಕ್ಕಿಕೊಂಡು, ಜನ ರಾತ್ರಿಯಿಡೀ ಕಾರಿನಲ್ಲೇ ಕೂತರು. ಕೆಲವರು ಸುಮಾರು 20 ಗಂಟೆ. ಹಿಮ, ಮಂಜುಗಡ್ಡೆಯಿಂದ ರಸ್ತೆಯನ್ನು ಕಾಪಾಡುವುದು ರಸ್ತೆ ಇಲಾಖೆಯ ಕೆಲಸ ಎಂದು ಅದೇ ವರ್ಷ ಇಂಗ್ಲೆಂಡಿನ ಕಾನೂನಿಗೆ ಸೇರಿಸಿದರು, ಆದರೆ 'ಸಾಧ್ಯವಾದ ಮಟ್ಟಿಗೆ' ಅನ್ನುವ ಮಾತಿನ ಜೊತೆಗೆ. 2010ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಎಂ8ರಲ್ಲೂ ಜನ ಹೀಗೇ ರಾತ್ರಿ ಕಳೆದರು, ಅಲ್ಲಿನ ಸಾರಿಗೆ ಸಚಿವರು ರಾಜೀನಾಮೆ ಕೊಟ್ಟರು. ಸಚಿವರು ಹೋದರೆ ನಮಗೇನು ಬಂತು, ಕಾರಿನಲ್ಲಿ ನಡುಗುತ್ತಾ ಕೂತವರು ನಾವೇ ತಾನೆ.

ಆದ್ದರಿಂದ ರಾತ್ರಿ ಮಲಗುವ ಮುಂಚೆ ಇಲ್ಲಿನ ಹವಾಮಾನ ಇಲಾಖೆ ಮೆಟ್ ಆಫೀಸಿನ ಮುನ್ಸೂಚನೆ ನೋಡಿ. ಮಳೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಆಕಾಶ ಎಷ್ಟು ಹೊತ್ತಿಗೆ ತೆರೆಯುತ್ತದೆ, ಇವೆರಡನ್ನೇ ಗಮನಿಸಿ. ಎಚ್ಚರಿಕೆಯ ಬಣ್ಣ ಹಳದಿ ದಾಟಿ ಅಂಬರ್ (ಕಿತ್ತಳೆ) ಆಗಿದ್ದರೆ ನಾನು ಅಲ್ಲಿಗೇ ನಿಲ್ಲಿಸಿ ಮ್ಯಾನೇಜರಿಗೆ ಮೆಸೇಜ್ ಹಾಕುತ್ತೇನೆ, ಮನೆಯಿಂದಲೇ ಕೆಲಸ ಅಂತ. ಹೊಸದಾಗಿ ಬಂದವರಿಗೆ ಹೀಗೆ ಕೇಳೋದಕ್ಕೆ ಸಂಕೋಚ, ವೀಸಾ ಭಯ ಬೇರೆ. ಆದರೂ ಕೇಳಿ. ಇಲ್ಲಿ ಹುಟ್ಟಿ ಬೆಳೆದವರೇ ಮೊದಲು ಕೇಳುವುದು.

ಹೊರಡುವ ಮುಂಚೆ: ಕಾರಿಗೆ ಕಾಲು ಗಂಟೆ ಕೊಡಿ

ಗಾಜಿಗೆ ಕಟ್ಟಿದ ಮಂಜುಗಡ್ಡೆಯನ್ನು ಪೂರ್ತಿ ಕೆರೆದು ತೆಗೆಯಿರಿ. ಕಣ್ಣಿನಷ್ಟು ಕಿಂಡಿ ಮಾಡಿಕೊಂಡು ಹೊರಟರೆ ಅದು ಇಲ್ಲಿ ಅಪರಾಧ. ಕುದಿಯುವ ನೀರು ಸುರಿಯಬೇಡಿ, ಗಾಜು ಸೀಳುತ್ತದೆ. ಛಾವಣಿಯ ಹಿಮವನ್ನೂ ಗುಡಿಸಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಅಷ್ಟೂ ಜಾರಿ ನಿಮ್ಮ ಮುಂಗಾಜಿನ ಮೇಲೇ ಬೀಳುತ್ತದೆ. ಹೀಟರ್ ಹಾಕಿ ಕೀ ಬಿಟ್ಟು ಒಳಗೆ ಕಾಫಿ ಕುಡಿಯಲು ಹೋಗುವ ಅಭ್ಯಾಸ ಬೇಡ. ಕಾರು ಕದ್ದು ಹೋದರೆ ವಿಮೆಯವರು ಸಾಮಾನ್ಯವಾಗಿ ಕೈ ಎತ್ತುತ್ತಾರೆ.

ಟೈರಿನ ವಿಷಯಕ್ಕೆ ಬಂದರೆ, ಗೀರಿನ ಆಳ ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಇದ್ದರೆ ಸಾಕು. ಚಳಿಗಾಲಕ್ಕೆ 3 ಮಿಲಿಮೀಟರಾದರೂ ಇರಲಿ. ಏಳು ಡಿಗ್ರಿಗಿಂತ ಚಳಿ ಜಾಸ್ತಿಯಾದರೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದ ಟೈರ್ ಕಡ್ಡಾಯ ಅಲ್ಲ, ಹಾಗಾಗಿ ಜಾಸ್ತಿ ಜನ ಹಾಕಿಸುವುದಿಲ್ಲ. ನಾನು ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹೂವು ಇರುವ ಗುರುತಿನ ಆಲ್-ಸೀಸನ್ ಟೈರ್ ಹಾಕಿಸಿದೆ. ದುಬಾರಿ, ಆದರೆ ನಾನು ಕೊಟ್ಟ ದುಡ್ಡಿನಲ್ಲಿ ಒಂದಿಷ್ಟೂ ಹೊಟ್ಟೆ ಉರಿಸದ ಖರ್ಚು ಅದೊಂದೇ. ಫೋರ್ ವೀಲ್ ಡ್ರೈವ್ ಇದೆ, ನನಗೇನು ಅನ್ನುವವರಿಗೆ ಒಂದು ಮಾತು: ಅದು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ.

ಡಿಕ್ಕಿಯಲ್ಲಿ ಕಂಬಳಿ, ಸಣ್ಣ ಸಲಿಕೆ, ಟಾರ್ಚ್, ನೀರು. ಮೊಬೈಲ್ ಚಾರ್ಜರ್. ತಿನ್ನಲು ಏನಾದರೂ. ನಮ್ಮ ಕಾರಿನಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಒಂದು ಡಬ್ಬಿ ಚಕ್ಕುಲಿ ಕಾಯಂ. ದಪ್ಪ ಜಾಕೆಟ್ ಜೊತೆಗಿರಲಿ. ಕಾರಿನಲ್ಲಿ ಬೆಚ್ಚಗಿದೆ ಎಂದು ತೆಳು ಸ್ವೆಟರಿನಲ್ಲಿ ಹೊರಡುವವರೇ ಕೆಟ್ಟು ನಿಂತಾಗ ಒದ್ದಾಡುವುದು.

ಮೋಟರ್‌ವೇ ಹತ್ತಿದ ಮೇಲೆ: ಪಾಚಿ ಕಟ್ಟಿದ ಅಂಗಳ ನೆನೆಸಿಕೊಳ್ಳಿ

ಮಲೆನಾಡಿನಲ್ಲಿ ಮಳೆಗಾಲದ ಅಂಗಳ ನೋಡಿದ್ದೀರಲ್ಲ. ಪಾಚಿ ಕಟ್ಟಿದ ಆ ಅಂಗಳದಲ್ಲಿ ಕೊಡ ಹೊತ್ತು ನಡೆಯುವವರು ಓಡುವುದಿಲ್ಲ, ಗಕ್ಕನೆ ನಿಲ್ಲುವುದಿಲ್ಲ, ನಡೆಯುತ್ತಾ ನಡೆಯುತ್ತಾ ಸರಕ್ಕನೆ ತಿರುಗುವುದಿಲ್ಲ. ಕಾರಿಗೂ ಅದೇ. ಟೈರಿಗೆ ಇರುವ ಹಿಡಿತ ಚೂರೇ ಚೂರು. ಆ ಚೂರನ್ನು ಬ್ರೇಕಿಗೂ ತಿರುವಿಗೂ ಒಟ್ಟಿಗೆ ಹಂಚಿದರೆ ಎರಡಕ್ಕೂ ಸಾಲುವುದಿಲ್ಲ. ಮೊದಲು ನೇರ ರಸ್ತೆಯಲ್ಲಿ ವೇಗ ಇಳಿಸಿ, ಆಮೇಲೆ ತಿರುಗಿಸಿ.

ಮುಂದಿನ ವಾಹನದಿಂದ ದೂರ ಇರಿ. ಎಷ್ಟು ದೂರ? ಇಲ್ಲಿನ ಸಂಚಾರ ನಿಯಮಗಳ ಕೈಪಿಡಿ ಹೈವೇ ಕೋಡ್ ಪ್ರಕಾರ ಒಣ ರಸ್ತೆಯಲ್ಲಿ 30 ಮೈಲಿ ವೇಗದ ಕಾರು ನಿಲ್ಲಲು 23 ಮೀಟರ್ ಬೇಕು, 70 ಮೈಲಿಗೆ 96 ಮೀಟರ್. ಮಂಜುಗಡ್ಡೆ ಇದ್ದರೆ ಇದು ಹತ್ತು ಪಟ್ಟಿನವರೆಗೂ ಹೋಗಬಹುದು. ಅಂದರೆ 30 ಮೈಲಿಯಲ್ಲಿ ಹೋದರೂ ಇನ್ನೂರು ಮೀಟರಿಗೂ ಜಾಸ್ತಿ ಜಾರಬಹುದು. ಹಿಂದಿನವರು ಅಂಟಿಕೊಂಡು ಬಂದರೆ ಬರಲಿ, ಅವರಿಗಾಗಿ ನೀವು ವೇಗ ಹೆಚ್ಚಿಸಬೇಡಿ. ಅಂಥವರು ಇಲ್ಲೂ ಇದ್ದಾರೆ, ಹಾರ್ನ್ ಒತ್ತುವುದಿಲ್ಲ, ಅಷ್ಟೇ ವ್ಯತ್ಯಾಸ.

ಎಡತುದಿಯ ಒಂದನೇ ಲೇನಿನಲ್ಲೇ ಇರಿ. ಲಾರಿಗಳು ಅರೆದು ಅರೆದು ಅಲ್ಲಿ ಮಂಜುಗಡ್ಡೆ ಮೊದಲು ಕರಗಿರುತ್ತದೆ. ಮೂರನೇ ಲೇನ್ ಖಾಲಿ ಇದೆ ಎಂದು ಹಾರಬೇಡಿ, ಖಾಲಿ ಇರುವುದರಿಂದಲೇ ಅಲ್ಲಿ ಮಂಜುಗಡ್ಡೆ ಉಳಿದಿರುತ್ತದೆ. ಗ್ರಿಟರ್ ಮುಂದೆ ಸಿಕ್ಕರೆ ಹಿಂದೆಯೇ ದೂರದಲ್ಲಿ ಉಳಿಯಿರಿ. ಅದನ್ನು ದಾಟಿದರೆ ನಿಮ್ಮ ಮುಂದೆ ಇರುವುದು ಇನ್ನೂ ಉಪ್ಪು ಬೀಳದ ರಸ್ತೆ! ವೇಗವನ್ನು ತಾನಾಗೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಬಂದ್ ಮಾಡಿ.

ಬ್ಲ್ಯಾಕ್ ಐಸ್, ಅಂದರೆ ರಸ್ತೆಗೆ ಅಂಟಿದ ತೆಳು ಮಂಜುಗಡ್ಡೆ, ಕಣ್ಣಿಗೆ ಕಾಣುವುದಿಲ್ಲ, ಒದ್ದೆ ಡಾಂಬರಿನ ಹಾಗೇ ಇರುತ್ತದೆ. ಕಿವಿಗೆ ಗೊತ್ತಾಗುತ್ತದೆ: ಒದ್ದೆ ರಸ್ತೆಯ ಶರ್‍ರೋ ಸದ್ದು ಒಮ್ಮೆಗೇ ನಿಂತು, ಸ್ಟಿಯರಿಂಗ್ ಹಗುರವಾದರೆ ಕೆಳಗೆ ಇರುವುದು ನೀರಲ್ಲ. ಆಗ ಏನೂ ಮಾಡಬೇಡಿ. ನಿಜವಾಗಿಯೂ. ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ದಾಟಲು ಬಿಡಿ. ಸೇತುವೆಯ ಮೇಲೆ ಇದು ಜಾಸ್ತಿ, ಕೆಳಗಿನಿಂದಲೂ ಗಾಳಿ ಬೀಸಿ ಬೇಗ ತಣ್ಣಗಾಗುತ್ತದೆ. ಹಿಂದಿನ ಚಕ್ರ ಎಡಕ್ಕೆ ಜಾರಿದರೆ ಸ್ಟಿಯರಿಂಗೂ ಮೆಲ್ಲಗೆ ಎಡಕ್ಕೆ, ಬಲಕ್ಕೆ ಜಾರಿದರೆ ಬಲಕ್ಕೆ. ಬ್ರೇಕ್ ಒತ್ತಲೇಬೇಕಾಗಿ ಬಂದು, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಶುರುಮಾಡಿ ಕಾಲಡಿ ಗಡಗಡ ಅಂದರೆ ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿಯಿರಿ.

ಅಂದಹಾಗೆ, ಎಂ62ರ ಎತ್ತರದಲ್ಲಿ ಎರಡೂ ದಿಕ್ಕಿನ ರಸ್ತೆಗಳು ಬೇರೆಯಾಗಿ ನಡುವೆ ಒಂದು ಹೊಲಮನೆ ಸಿಗುತ್ತದೆ, ಸ್ಟಾಟ್ ಹಾಲ್ ಫಾರ್ಮ್. ರೈತ ಜಾಗ ಬಿಡಲಿಲ್ಲ ಎಂದು ಎಲ್ಲರೂ ಕಥೆ ಹೇಳುತ್ತಾರೆ, ನಿಜ ಕಾರಣ ಕೆಳಗಿನ ನೆಲದ ರಚನೆ. ಹಿಮದ ದಿನ ಆ ಮನೆಯ ಚಂದ ನೋಡುತ್ತಾ ಹೋಗಬೇಡಿ, ಅಲ್ಲಿಂದಲೇ ಗಾಳಿ ಜೋರು.

ಸಿಕ್ಕಿಹಾಕಿಕೊಂಡರೆ

ಕಾರು ಕೆಟ್ಟರೆ ರಸ್ತೆಯ ಎಡ ಅಂಚಿನ ಹಾರ್ಡ್ ಶೋಲ್ಡರಿನಲ್ಲಿ ನಿಲ್ಲಿಸಿ, ಎಡಗಡೆ ಬಾಗಿಲಿಂದ ಇಳಿದು ತಡೆಬೇಲಿಯ ಆಚೆ ಹೋಗಿ. ಮೋಟರ್‌ವೇಯಲ್ಲಿ ಎಚ್ಚರಿಕೆಯ ತ್ರಿಕೋನ ಇಡಬಾರದು. ಇಡೀ ಸಾಲೇ ಹಿಮದಲ್ಲಿ ನಿಂತಿದ್ದರೆ ಮಾತು ಬೇರೆ, ಆಗ ಕಾರಿನಲ್ಲೇ ಇರಿ. ಎಂಜಿನ್ ಆಗಾಗ ಹತ್ತು ನಿಮಿಷ ಹಾಕಿ, ಆದರೆ ಪ್ರತಿ ಸಲ ಮೊದಲು ಇಳಿದು ಹೊಗೆ ಕೊಳವೆಯ ಸುತ್ತ ಹಿಮ ಮುಚ್ಚಿದೆಯಾ ನೋಡಿ, ತೆಗೆದು ಹಾಕಿ. ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ, ವಾಸನೆಯೂ ಬರುವುದಿಲ್ಲ.

ವಾಪಸ್ ಬರುವಾಗ

ಇದನ್ನೇ ಎಲ್ಲರೂ ಮರೆಯುವುದು. ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ರಸ್ತೆಯ ಮೇಲೇ ಇರುತ್ತದೆ, ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಐದಕ್ಕೆ ಆಫೀಸ್ ಬಿಡುವ ಹೊತ್ತಿಗೆ ಅದೆಲ್ಲ ಮತ್ತೆ ಗಟ್ಟಿ. ಅಂಥ ದಿನ ನಾನು ಎರಡೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಹೊರಡುತ್ತೇನೆ, ಉಳಿದ ಕೆಲಸ ಮನೆಯಲ್ಲಿ. ಹೊರಡುವಾಗ ಮನೆಗೆ ಒಂದು ಫೋನ್, ಈಗ ಹೊರಟೆ, ತಡವಾಗುತ್ತದೆ, ದಾರಿಯಲ್ಲಿ ಫೋನ್ ಮಾಡಬೇಡ ಅಂತ.