ಇಂಗ್ಲಿಷ್ ಬರಹದಲ್ಲಿ ಹುದ್ದೆಯ ಹೆಸರಿಗೆ ಕ್ಯಾಪಿಟಲ್ ಅಕ್ಷರ: ನನ್ನ ಅನುಭವ

ಸಂಸ್ಥೆಗಳ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಪತ್ರಿಕಾ ಪ್ರಕಟಣೆಗಳ ಇಂಗ್ಲಿಷ್ ಕರಡು ತಿದ್ದುವುದು ನನ್ನ ವೃತ್ತಿ. ಈ ಕೆಲಸದಲ್ಲಿ ನಾನು ಹೆಚ್ಚು ಸಮಜಾಯಿಷಿ ಕೊಡಬೇಕಾಗಿ ಬಂದಿರುವುದು ವ್ಯಾಕರಣಕ್ಕಲ್ಲ, ಹುದ್ದೆಗಳ ಮೊದಲ ಅಕ್ಷರಕ್ಕೆ. ಕನ್ನಡದಲ್ಲಿ ಬಹುವಚನದಿಂದ ಸಲ್ಲಿಸುವ ಮರ್ಯಾದೆಯನ್ನು ಇಂಗ್ಲಿಷಿನಲ್ಲಿ ಕ್ಯಾಪಿಟಲ್ ಅಕ್ಷರದಿಂದ ಸಲ್ಲಿಸಬೇಕೆಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಗಟ್ಟಿಯಾಗಿದೆ. ಆದರೆ ನಾನು ವ್ಯಕ್ತಿಯ ಅಂತಸ್ತನ್ನು ನೋಡುವುದಿಲ್ಲ, ಹುದ್ದೆಯ ಪದ ವಾಕ್ಯದಲ್ಲಿ ಎಲ್ಲಿ ಕುಳಿತಿದೆ ಎಂಬುದನ್ನಷ್ಟೇ ನೋಡುತ್ತೇನೆ.

ಸ್ಮರಣ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ತೆಗೆದುಕೊಳ್ಳೋಣ. ‘ದಿವಾನ್ ವಿಶ್ವೇಶ್ವರಯ್ಯ’ ಎಂದು ಹುದ್ದೆಯು ಹೆಸರಿನ ಮುಂದೆ ಅಂಟಿಕೊಂಡು ಬಂದಾಗ ಅದು ಹೆಸರಿನದೇ ಭಾಗವಾಗುತ್ತದೆ, ಆದ್ದರಿಂದ ‘ಡಿ’ ದೊಡ್ಡದು. ‘ಎಂ. ವಿಶ್ವೇಶ್ವರಯ್ಯ, ದಿವಾನ್ ಆಫ್ ಮೈಸೂರ್ ಫ್ರಮ್ 1912 ಟು 1918’ ಎಂದು ಬರೆದಾಗ ಅದೇ ‘ಡಿ’ ಚಿಕ್ಕದಾಗುತ್ತದೆ. ಸಂಸ್ಥಾನದ ಹೆಸರಾದ್ದರಿಂದ ಮೈಸೂರಿನ ‘ಎಂ’ ಮಾತ್ರ ದೊಡ್ಡದಾಗಿಯೇ ಉಳಿಯುತ್ತದೆ. ‘ದಿ ದಿವಾನ್, ಎಂ. ವಿಶ್ವೇಶ್ವರಯ್ಯ,’ ಎಂದು ಹುದ್ದೆಗೂ ಹೆಸರಿಗೂ ನಡುವೆ ಕಾಮಾ ಬಿದ್ದರೂ ಸಣ್ಣಕ್ಷರವೇ. ಅನುಮಾನ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಈ ಕಾಮಾವನ್ನು ಮತ್ತು ಹುದ್ದೆಯ ಪದಕ್ಕಿಂತ ಮೊದಲು ಬರುವ ‘ದಿ’ಯನ್ನು. ಇನ್ನು ‘ಎಂಜಿನಿಯರ್ ವಿಶ್ವೇಶ್ವರಯ್ಯ’ ಎಂಬಲ್ಲಿ ಎಂಜಿನಿಯರ್ ಎಂಬುದು ಹುದ್ದೆಯ ಹೆಸರಲ್ಲ, ಕಸುಬಿನ ವಿವರಣೆ. ಅಮೆರಿಕದ ಪತ್ರಿಕೆಗಳು ಅನುಸರಿಸುವ ಎಪಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ) ಶೈಲಿಯಲ್ಲಿ ಇಂಥ ಪದಗಳು ಹೆಸರಿನ ಮುಂದೆ ಬಂದರೂ ಸಣ್ಣಕ್ಷರದಲ್ಲಿಯೇ ಇರುತ್ತವೆ.

ವಾರ್ಷಿಕ ವರದಿಯೊಂದರಲ್ಲಿ ‘ದಿ ಮ್ಯಾನೇಜಿಂಗ್ ಡೈರೆಕ್ಟರ್ ಸೆಡ್’ ಎಂಬುದನ್ನು ಸಣ್ಣಕ್ಷರಕ್ಕೆ ಇಳಿಸಿದಾಗ, ಸಾಹೇಬರಿಗೆ ಅವಮಾನವಾಗುತ್ತದೆಂದು ಅವರ ಕಾರ್ಯದರ್ಶಿ ಕರಡನ್ನು ಹಿಂದಕ್ಕೆ ಕಳುಹಿಸಿದ್ದರು. ಅಮೆರಿಕದ ಪುಸ್ತಕ ಪ್ರಕಾಶಕರು ಹೆಚ್ಚಾಗಿ ಬಳಸುವ ಶಿಕಾಗೊ ಶೈಲಿ ಕೈಪಿಡಿಯ ಪ್ರಕಾರ ಹೆಸರಿಲ್ಲದೆ ಬಂದರೆ ಅಮೆರಿಕದ ಅಧ್ಯಕ್ಷರ ಪದವಿಗೂ ಸಣ್ಣಕ್ಷರವೇ ಎಂದು ಬರೆದು ಕಳುಹಿಸಿದ ಮೇಲೆ ತಕರಾರು ನಿಂತಿತು. ಅದೇ ವರದಿಯ ಆಡಳಿತ ಮಂಡಳಿಯ ಪಟ್ಟಿಯಲ್ಲಿ, ಸಹಿಯ ಕೆಳಗೆ ಮತ್ತು ವಿಳಾಸದಲ್ಲಿ ನಾನು ಕ್ಯಾಪಿಟಲ್ ಅಕ್ಷರವನ್ನು ಮುಟ್ಟಲಿಲ್ಲ, ಏಕೆಂದರೆ ಅಲ್ಲಿ ಹುದ್ದೆಯು ವಾಕ್ಯದೊಳಗಿನ ಪದವಲ್ಲ, ಫಲಕದ ಬರಹದಂತೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಭಾಷಣದಲ್ಲಿ ಅಧ್ಯಕ್ಷರನ್ನು ನೇರವಾಗಿ ಸಂಬೋಧಿಸುವ ‘ಮಿಸ್ಟರ್ ಪ್ರೆಸಿಡೆಂಟ್’ಗೂ ದೊಡ್ಡಕ್ಷರವೇ ಸರಿ.

ಸರ್ಕಾರಿ ಕಡತಗಳ ದಾರಿಯೇ ಬೇರೆ. ಭಾರತ ಸಂವಿಧಾನದ ಇಂಗ್ಲಿಷ್ ಪಾಠವೇ ಪ್ರೆಸಿಡೆಂಟ್, ಪ್ರೈಮ್ ಮಿನಿಸ್ಟರ್ ಎಂಬ ಪದಗಳನ್ನು ಹೆಸರಿಲ್ಲದಿದ್ದರೂ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯುವುದರಿಂದ, ಇಲಾಖೆಗೆ ಹೋಗುವ ಪತ್ರಗಳಲ್ಲಿ ನಾನು ಆ ರೂಢಿಯನ್ನೇ ಪಾಲಿಸುತ್ತೇನೆ. ಅಲ್ಲಿ ಶಿಕಾಗೊ ಕೈಪಿಡಿಯನ್ನು ಹಿಡಿದು ವಾದಿಸುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಕೈಪಿಡಿಗಳು ತಮ್ಮತಮ್ಮೊಳಗೇ ಒಪ್ಪದ ಜಾಗವೆಂದರೆ ‘ಫಾರ್ಮರ್’, ಅಂದರೆ ‘ಮಾಜಿ’ ಎಂಬ ಪದ. ಹೆಸರಿನ ಮುಂದೆ ‘ಫಾರ್ಮರ್ ಪ್ರೆಸಿಡೆಂಟ್’ ಎಂದು ಬಂದಾಗ ಎಪಿ ಶೈಲಿ ‘ಪಿ’ಯನ್ನು ದೊಡ್ಡದಾಗಿಯೇ ಇಡುತ್ತದೆ, ಶಿಕಾಗೊ ಅದನ್ನೂ ಚಿಕ್ಕದಾಗಿಸುತ್ತದೆ. ಪತ್ರಿಕಾ ಪ್ರಕಟಣೆಗೆ ಎಪಿ, ಸ್ಮರಣ ಸಂಚಿಕೆಗೆ ಶಿಕಾಗೊ ಎಂದು ಕೆಲಸ ಆರಂಭಿಸುವ ಮೊದಲೇ ಗ್ರಾಹಕರೊಡನೆ ಮಾತಾಡಿಕೊಂಡು, ಆ ನಿರ್ಧಾರವನ್ನು ಕರಡಿನ ಮೊದಲ ಪುಟದಲ್ಲಿ ಗುರುತು ಹಾಕಿಡುತ್ತೇನೆ.