ಮೂಳೆ ಕ್ಯಾನ್ಸರ್ ಔಷಧ ಹೊರುವ ಅಪಟೈಟ್ ಪುಡಿ: ಲ್ಯಾಬಿನಲ್ಲಿ ಮಾಡುವ ಬಗೆ

ಮೂಳೆಯ ಗಡ್ಡೆ ಕತ್ತರಿಸಿ ತೆಗೆದ ಮೇಲೂ ಎರಡು ಕೆಲಸ ಬಾಕಿ ಇರುತ್ತವೆ. ಖಾಲಿ ಜಾಗ ತುಂಬಬೇಕು, ಅಂಚಿನಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬೇಕು. ಮೂಳೆಯ ಖನಿಜವನ್ನು ಹೋಲುವ ಕ್ಯಾಲ್ಸಿಯಂ ಫಾಸ್ಫೇಟ್ ಆದ ಹೈಡ್ರಾಕ್ಸಿಅಪಟೈಟ್ (ಅಪಟೈಟ್) ಪುಡಿಗೆ ಕ್ಯಾನ್ಸರ್ ಔಷಧ ಡಾಕ್ಸೊರೂಬಿಸಿನ್ ಹಿಡಿಸುವುದು ಅದಕ್ಕೊಂದು ದಾರಿ. ಇಲ್ಲಿ ಹೇಳಿರುವುದು ಕೋಶ ಪರೀಕ್ಷೆಯವರೆಗೆ ಮಾತ್ರ, ರೋಗಿಗೆ ಬಳಸುವಂಥದ್ದಲ್ಲ.

ಪುಡಿ ಸರಿಬರದೆ ಔಷಧದ ಬಾಟಲಿ ತೆರೆಯಬೇಡಿ. ಕ್ಯಾಲ್ಸಿಯಂ ಮತ್ತು ರಂಜಕದ ಮೋಲ್ ಅನುಪಾತ 1.67 ಇರಬೇಕು. ಸುಮಾರು 10 ಗ್ರಾಂ ಪುಡಿಗೆ 7.41 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನು, ಕುದಿಸಿ ಆರಿಸಿದ 200 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ. ಇನ್ನೊಂದು ಬೀಕರಿನಲ್ಲಿ 85% ಫಾಸ್ಫಾರಿಕ್ ಆಮ್ಲ 6.92 ಗ್ರಾಂ ತೂಗಿ, ನೀರು ಸೇರಿಸಿ 200 ಮಿ.ಲೀ. ಮಾಡಿ. ಆಮ್ಲವನ್ನು ಸುಣ್ಣದ ಹಾಲಿಗೆ ನಿಮಿಷಕ್ಕೆ 2 ಮಿ.ಲೀ.ನಂತೆ ಹನಿಸಿ, ನೂರು ನಿಮಿಷ ಹಿಡಿಯುತ್ತದೆ. ಪಿಎಚ್ 10ಕ್ಕಿಂತ ಇಳಿದರೆ ಅಮೋನಿಯಾ ಹನಿ ಹಾಕಿ. ರಾತ್ರಿಯಿಡೀ ಕಲಕುತ್ತಾ ಬಿಟ್ಟು, ತೊಳೆದು, ಸೋಸಿ, 80 ಡಿಗ್ರಿಯಲ್ಲಿ ಒಣಗಿಸಿ. ಸೋಸುಕಾಗದದ ಮೇಲಿನ ಗಸಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ, ಹೆದರಬೇಡಿ, ಅರೆದರಾಯಿತು.

ಹಳೇ ಸುಣ್ಣದ ಬಾಟಲಿಯೇ ಇಲ್ಲಿ ದೊಡ್ಡ ಕಳ್ಳ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಕಾರ್ಬೊನೇಟ್ ಆಗಿರುತ್ತದೆ. ತಕ್ಕಡಿ 7.41 ತೋರಿಸಿದರೂ ಅಷ್ಟು ಕ್ಯಾಲ್ಸಿಯಂ ಒಳಗಿರುವುದಿಲ್ಲ. ಚಿಟಿಕೆ ಸುಣ್ಣದ ಮೇಲೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಹನಿಸಿ. ನೊರೆ ಬಂದರೆ ಹೊಸ ಬಾಟಲಿ ತರಿಸಿ.

ಅನುಪಾತ ತಿಳಿಯಲು 1 ಗ್ರಾಂ ಪುಡಿಯನ್ನು 1000 ಡಿಗ್ರಿಯಲ್ಲಿ ಎರಡು ಗಂಟೆ ಸುಟ್ಟು, ಯಾವ ಹರಳುಗಳಿವೆ ಎಂದು ಗುರುತಿಸುವ ಎಕ್ಸ್-ರೇ ಡಿಫ್ರಾಕ್ಷನ್‌ಗೆ ಕೊಡಿ. ತಾಮ್ರದ ಟ್ಯೂಬಿನಲ್ಲಿ ಅಪಟೈಟ್‌ನ ಮುಖ್ಯ ಶಿಖರ 31.8 ಡಿಗ್ರಿ ಕೋನದಲ್ಲಿ (2θ) ಬರುತ್ತದೆ. 31.0ರಲ್ಲಿ ಇನ್ನೊಂದು ಎದ್ದರೆ ಕ್ಯಾಲ್ಸಿಯಂ ಕಡಿಮೆ, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬಂದಿದೆ. 37.4ರಲ್ಲಿ ಎದ್ದರೆ ಹೆಚ್ಚು, ಸುಟ್ಟ ಸುಣ್ಣ ಉಳಿದಿದೆ. ಅದು ತೇವ ಕುಡಿದು ಉಬ್ಬಿ, ಪುಡಿ ಒತ್ತಿ ಮಾಡಿದ ಬಿಲ್ಲೆಯನ್ನೇ ಸೀಳುತ್ತದೆ.

ಔಷಧ ಹಿಡಿಸಲು ಸುಡದ ಪುಡಿಯೇ ಬೇಕು. ಸುಟ್ಟರೆ ಕಣಗಳು ಬೆಸೆದು ಮೇಲ್ಮೈ ಕುಗ್ಗುತ್ತದೆ. ಡಾಕ್ಸೊರೂಬಿಸಿನ್ ಬಿಸಿ ತಾಳದು, ಹಾಗಾಗಿ ಪುಡಿಯನ್ನು ಮೊದಲೇ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿರಹಿತಗೊಳಿಸಿ). 100 ಮಿ.ಗ್ರಾಂ. ಪುಡಿಗೆ, ಮಿ.ಲೀ.ಗೆ 0.2 ಮಿ.ಗ್ರಾಂ. ಇರುವ ದ್ರಾವಣ 10 ಮಿ.ಲೀ. ಹಾಕಿ, ಫಾಯಿಲ್ ಸುತ್ತಿ 24 ಗಂಟೆ ಕುಲುಕಿಸಿ. ಬಿಳಿ ಪುಡಿ ಕೆಂಪಾಗುತ್ತದೆ. ಫಾಸ್ಫೇಟ್ ಬಫರ್ ಬಳಸಬೇಡಿ, ಮೇಲ್ಮೈಗಾಗಿ ಔಷಧದೊಂದಿಗೆ ಪೈಪೋಟಿಗಿಳಿಯುತ್ತದೆ. ಪುಡಿಯ ಮೇಲೆ ನಿಂತ ತಿಳಿಯನ್ನೂ ತೊಳೆದ ನೀರನ್ನೂ 480 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದು, ಅವುಗಳಲ್ಲಿ ಉಳಿದ ಔಷಧವನ್ನು ಹಾಕಿದ ಒಟ್ಟು ಔಷಧದಿಂದ ಕಳೆಯಿರಿ; ಪುಡಿ ಹಿಡಿದದ್ದು ಅಷ್ಟು. ಪುಡಿಯಿಲ್ಲದ ಒಂದು ಟ್ಯೂಬನ್ನೂ ಜೊತೆಗಿಡಿ. ಔಷಧ ಪ್ಲಾಸ್ಟಿಕ್ಕಿಗೂ ಅಂಟುತ್ತದೆ, ಆ ನಷ್ಟ ಪುಡಿಯ ಲೆಕ್ಕಕ್ಕೆ ಸೇರಬಾರದು.

ಪುಡಿಯಿಂದ ಔಷಧದ ಬಿಡುಗಡೆಯನ್ನು ಪಿಎಚ್ 7.4 ಮತ್ತು 5.5ರಲ್ಲಿ ಪಕ್ಕಪಕ್ಕ ನೋಡಿ; ಆಮ್ಲದಲ್ಲಿ ಅಪಟೈಟ್ ಕರಗುವುದರಿಂದ ವೇಗ ಹೆಚ್ಚಬೇಕು. ಆಮೇಲೆ ಎಂಜಿ-63 ಎಂಬ ಮೂಳೆ ಕ್ಯಾನ್ಸರ್ ಕೋಶಗಳ ಮೇಲೆ ನಾಲ್ಕು ಗುಂಪು: ಏನೂ ಇಲ್ಲದ್ದು, ಬರೀ ಪುಡಿ, ಬರೀ ಔಷಧ, ಎರಡೂ ಕೂಡಿದ್ದು. ಔಷಧದ ಪ್ರಮಾಣ ಕೊನೆಯ ಎರಡರಲ್ಲೂ ಒಂದೇ ಇರಲಿ. ಬರೀ ಪುಡಿಯಲ್ಲೇ ಜೀವಂತ ಕೋಶ 70%ಕ್ಕಿಂತ ಇಳಿದರೆ ಪುಡಿಗೇ ವಿಷಗುಣವಿದೆ, ಸರಿಯಾಗಿ ತೊಳೆದಿಲ್ಲವೆಂದು ಮೊದಲು ಶಂಕಿಸಿ. ಜೀವಂತ ಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಹಾಕುವ ಮುನ್ನ ಕೋಶಗಳನ್ನು ತೊಳೆಯಿರಿ, ಔಷಧದ ಕೆಂಪು ಬಣ್ಣ ಅಳತೆಯನ್ನು ಕೆಡಿಸುತ್ತದೆ.

ಔಷಧ ಮುಟ್ಟಿದ್ದೆಲ್ಲ ಸೈಟೊಟಾಕ್ಸಿಕ್ (ಕೋಶಗಳಿಗೆ ವಿಷ) ಎಂದು ಬರೆದ ಹಳದಿ ಚೀಲಕ್ಕೆ. ಸಿಂಕಿಗೆ ಒಂದು ಹನಿಯೂ ಬೇಡ.