ನಿಲ್ದಾಣದ ಬೆನ್ನು ಹತ್ತಿದ ನೌಕೆ: ತಾರಸಿಯಿಂದ ನೋಡುವುದು ಹೇಗೆ?

ಗಗನಯಾತ್ರಿಗಳನ್ನು ಹೊತ್ತು ಆಗಷ್ಟೇ ಹಾರಿದ ನೌಕೆಯನ್ನು ಬರಿಗಣ್ಣಲ್ಲೇ ನೋಡಬಹುದು. ಸಿಗುವ ಸಮಯ ಮಾತ್ರ ಬಲು ಕಡಿಮೆ. ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಇದ್ದ ಡ್ರ್ಯಾಗನ್ ನೌಕೆ 2025ರ ಜೂನ್ 25ರಂದು ನಮ್ಮ ಮಧ್ಯಾಹ್ನ 12.01ಕ್ಕೆ ಹಾರಿ, ಮರುದಿನ ಸಂಜೆ 4ರ ಸುಮಾರಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿತು. ಆ 28 ಗಂಟೆಗಳಲ್ಲಿ ನಮಗಿದ್ದದ್ದು ಒಂದು ಮುಸ್ಸಂಜೆ, ಒಂದು ನಸುಕು. ಅದೂ ಮುಂಗಾರಿನ ಮೋಡದಲ್ಲಿ!

ಮೊದಲು ಹುಡುಕಬೇಕಾದ್ದು ನೌಕೆಯನ್ನಲ್ಲ, ನಿಲ್ದಾಣವನ್ನು. ಎರಡೂ ಸುತ್ತುವುದು ಸಮಭಾಜಕಕ್ಕೆ 51.6 ಡಿಗ್ರಿ ಓರೆಯಾದ ಒಂದೇ ಸಮತಲದಲ್ಲಿ. ಹೆವೆನ್ಸ್ ಅಬವ್ (Heavens-Above) ಜಾಲತಾಣದಲ್ಲಿ ನಿಮ್ಮ ಊರು ಗುರುತಿಸಿ, ನಿಲ್ದಾಣ ಹಾಯುವ ಸಮಯ, ದಿಕ್ಕು, ಎತ್ತರ ಬರೆದುಕೊಳ್ಳಿ. ಅಲ್ಲಿ ನೌಕೆಯ ಸಮಯವೂ ಸಿಗಬಹುದು, ಆದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಕಕ್ಷೆ ಎತ್ತರಿಸಲು ನೌಕೆ ಆಗಾಗ ಎಂಜಿನ್ ಉರಿಸುತ್ತದೆ. ಒಮ್ಮೆ ಉರಿಸಿದರೆ ಹಳೆಯ ಲೆಕ್ಕ ನಿಮಿಷಗಟ್ಟಲೆ ತಪ್ಪುತ್ತದೆ. ಹೊರಡುವ ಮುನ್ನ ಮತ್ತೊಮ್ಮೆ ನೋಡಿ.

ನೌಕೆ ಹಿಂದೆ ಬರುತ್ತಿದ್ದರೆ ಅದರ ಹಾದಿ ಪಶ್ಚಿಮಕ್ಕೆ ಸರಿದಿರುತ್ತದೆ, ಏಕೆಂದರೆ ಅಷ್ಟರಲ್ಲಿ ಭೂಮಿ ತಿರುಗಿರುತ್ತದೆ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ರೇಖಾಂಶ, ಬೆಂಗಳೂರಿನಲ್ಲಿ ಸುಮಾರು 108 ಕಿ.ಮೀ. ನಿಲ್ದಾಣ ನೆತ್ತಿಯ ಮೇಲೆ ಹೋಗಿ, ಅದೇ ಎತ್ತರಕ್ಕೆ ಬಂದ ನೌಕೆ ನಾಲ್ಕು ನಿಮಿಷ ತಡವಾಗಿ ಬಂದರೆ, ನೆತ್ತಿಯಿಂದ ಒಂದು ಮುಷ್ಟಿಗಿಂತ ತುಸು ಹೆಚ್ಚು ಪಶ್ಚಿಮದ ಕಡೆ ನೋಡಿ. (ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ.)

ಹೆಚ್ಚಿನವರು ಎಡವುವುದು ನೆರಳಿನ ಲೆಕ್ಕದಲ್ಲಿ. ನೌಕೆಗೆ ಸ್ವಂತ ಬೆಳಕಿಲ್ಲ, ಬಿಸಿಲು ಬಿದ್ದರಷ್ಟೇ ಕಾಣುತ್ತದೆ. 420 ಕಿ.ಮೀ. ಎತ್ತರದ ನಿಲ್ದಾಣಕ್ಕೆ ನಮ್ಮ ನೆತ್ತಿಯ ಮೇಲೆ ಸೂರ್ಯಾಸ್ತದ ನಂತರವೂ ಸುಮಾರು 80 ನಿಮಿಷ ಬಿಸಿಲಿರುತ್ತದೆ. ಹಾರಿದ ಹೊಸತರಲ್ಲಿ 200 ಕಿ.ಮೀ. ಆಸುಪಾಸಿನಲ್ಲಿರುವ ನೌಕೆಗೆ ಸಿಗುವುದು ಒಂದು ಗಂಟೆಯೂ ಇಲ್ಲ. ಕತ್ತಲಾಗಲು ಬೇಕಾದ ಮೊದಲ 25 ನಿಮಿಷ ಕಳೆದರೆ ಉಳಿಯುವುದು ಅರ್ಧ ಗಂಟೆ. ನಸುಕಿನಲ್ಲಿ ಇದೇ ಲೆಕ್ಕ ತಿರುವುಮುರುವು. ಲಂಡನ್ನಿನ ಕನ್ನಡಿಗರು ಅದೃಷ್ಟವಂತರು: ಫ್ಲೋರಿಡಾದಲ್ಲಿ ಹಾರಿದ 20 ನಿಮಿಷಕ್ಕೆಲ್ಲ ನೌಕೆ ಬ್ರಿಟನ್ನಿನ ಆಕಾಶದಲ್ಲಿರುತ್ತದೆ.

ಹತ್ತು ನಿಮಿಷ ಮುಂಚೆ ತಾರಸಿ ಹತ್ತಿ ಮೊಬೈಲ್ ಪರದೆ ಆರಿಸಿ. ನೈಋತ್ಯ ಅಥವಾ ವಾಯವ್ಯದ ದಿಗಂತಕ್ಕೆ ಮರ, ನೀರಿನ ಟ್ಯಾಂಕ್ ಅಡ್ಡ ಇರಬಾರದು. 7x50 ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ದೂರದರ್ಶಕ ದಂಡ. ನಿಲ್ದಾಣ 109 ಮೀಟರ್ ಅಗಲ, ಡ್ರ್ಯಾಗನ್ ಎಂಟು ಮೀಟರ್ ಉದ್ದ. ಆದ್ದರಿಂದ ಶುಕ್ರನಂಥ ಹೊಳಪು ನಿರೀಕ್ಷಿಸಬೇಡಿ. ನಗರದ ಬೆಳಕಿನಲ್ಲಿ ಅದು ತಪ್ಪಿಹೋಗುವುದೇ ಹೆಚ್ಚು. ಕೆಳಗಿನ ಕಕ್ಷೆಯಲ್ಲಿರುವಾಗ ನೆತ್ತಿಯ ಬಳಿ ನಿಲ್ದಾಣದ ಎರಡರಷ್ಟು ವೇಗದಲ್ಲಿ ಓಡುತ್ತದೆ, ಮೂರೂವರೆ ನಿಮಿಷದಲ್ಲಿ ಆಟ ಮುಗಿಯುತ್ತದೆ.

ಕೆಂಪು, ಹಸಿರು ಮಿನುಗಿದರೆ ವಿಮಾನ. ಸಾಲಾಗಿ ಮಣಿ ಪೋಣಿಸಿದಂತಿದ್ದರೆ ಸ್ಟಾರ್‌ಲಿಂಕ್ ಉಪಗ್ರಹಗಳು. ಸಂಜೆ ಪೂರ್ವದ ಕಡೆ ಇಳಿಯುತ್ತಾ ನಡುವೆಯೇ ಮಂಕಾಗಿ ಮಾಯವಾದರೆ ಗಾಬರಿ ಬೇಡ, ಭೂಮಿಯ ನೆರಳು ಹೊಕ್ಕಿದೆ.

ನಿಲ್ದಾಣಕ್ಕೆ ಕೂಡಿಕೊಂಡ ಮೇಲೆ ಕಣ್ಣಿಗೆ ಒಂದೇ ಚುಕ್ಕೆ. ಮತ್ತೆ ಎರಡು ಕಾಣಬೇಕೆಂದರೆ ನೌಕೆ ಕಳಚಿಕೊಂಡು ಮರಳುವ ದಿನಕ್ಕೆ ಕಾಯಬೇಕು.